ಡಂಪರಿನ ಕಾಲಬದ್ಧ ಪಾಲನೆ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಚಕ್ಕಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಹೊರೆ ಹೇರಿಕೊಂಡು ದೂರದ ಊರಿಗೆ ಹೊರಡುವ ಮುನ್ನ ರೈತನು ಗಾಲಿಯನ್ನು ಸರಿಸಿ ಅಚ್ಚಿಗೆ ಎಣ್ಣೆ ಉಣಿಸುತ್ತಿದ್ದನು. ಕಡೆಗೀಲು ಭದ್ರವಾಗಿದೆಯೇ ಎಂದು ಕೈಯಿಂದ ಅಲುಗಾಡಿಸಿ ನೋಡುತ್ತಿದ್ದನು. ಅಚ್ಚು ಕಿರುಗುಟ್ಟಲಿ, ಆಮೇಲೆ ನೋಡಿದರಾಯಿತು ಎಂದು ಅವನು ಕಾಯುತ್ತಿರಲಿಲ್ಲ. ನಡುದಾರಿಯಲ್ಲಿ ಕಡೆಗೀಲು ಕಳಚಿದರೆ ಗಾಲಿ ಉರುಳಿಹೋಗುವುದೆಂದೂ, ಆಗ ಎತ್ತುಗಳಿಗೂ ಆಳಿಗೂ ಅಪಾಯ ತಪ್ಪದೆಂದೂ ಅವನಿಗೆ ಚೆನ್ನಾಗಿ ತಿಳಿದಿತ್ತು.

ಇದೇ ವಿವೇಕವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಈ ಸೀಮೆಯ ಸಕ್ಕರೆ ಕಾರ್ಖಾನೆಗಳನ್ನು ನೋಡಬೇಕು. ೧೯೩೯ರಲ್ಲಿ ಸ್ಥಾಪನೆಯಾದ ಉಗಾರದ ಕಾರ್ಖಾನೆಯಿರಲಿ, ಅನಂತರ ಬಂದ ಸಹಕಾರಿ ಕಾರ್ಖಾನೆಗಳಿರಲಿ, ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲಿರುಳೂ ನಡೆಯಬೇಕು. ಕಡಿದ ಕಬ್ಬು ಹೊತ್ತು ಕಳೆದಂತೆ ತನ್ನ ಸಕ್ಕರೆಯ ಅಂಶವನ್ನು ಕಳೆದುಕೊಳ್ಳುವುದರಿಂದ ಅಲ್ಲಿ ಯಂತ್ರವು ನಿಂತರೆ ನಷ್ಟವು ರೈತನ ಹೊಲದವರೆಗೂ ಮುಟ್ಟುವುದು. ಆದುದರಿಂದ ಹಂಗಾಮು ಮುಗಿದೊಡನೆ ಗಾಣದ ರೋಲರುಗಳನ್ನು ಕಳಚಿ, ಸವೆದ ಹಲ್ಲುಗಳನ್ನು ಸರಿಪಡಿಸಿ, ಬೇರಿಂಗು, ಪಂಪು, ಕುದಿಪಾತ್ರೆಗಳನ್ನು ಪರೀಕ್ಷಿಸಿ, ಮುಂದಿನ ಹಂಗಾಮಿಗೆ ಅಣಿಗೊಳಿಸುವರು. ಕೆಟ್ಟ ಮೇಲೆ ಮಾಡುವುದು ದುರಸ್ತಿ. ಕೆಡುವ ಮುನ್ನ, ಗೊತ್ತಾದ ಕಾಲಕ್ಕೆ, ಗೊತ್ತಾದ ಕ್ರಮದಲ್ಲಿ ಮಾಡುವುದು ಕಾಲಬದ್ಧ ಪಾಲನೆ.

ಆದರೆ ಬಿಡುವಿನ ಹಂಗಾಮೇ ಇಲ್ಲದ ಯಂತ್ರವೊಂದಿದ್ದರೆ ಏನು ಮಾಡಬೇಕು? ಗಣಿಗಳಲ್ಲಿ ಮಣ್ಣು, ಕಲ್ಲು, ಅದಿರುಗಳನ್ನು ಸಾಗಿಸುವ ಡಂಪರು ಅಂಥ ಯಂತ್ರ. ಅದರ ಪಾಲನೆಯ ವಿಜ್ಞಾನವನ್ನು ಈ ಲೇಖನದಲ್ಲಿ ವಿವೇಚಿಸೋಣ.

ಡಂಪರಿನ ಸ್ವರೂಪ

ನಮ್ಮ ದೇಶದಲ್ಲಿ ಇಂಥ ಯಂತ್ರಗಳನ್ನು ತಯಾರಿಸುವ ಪ್ರಮುಖ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಅದು ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್, ಅಂದರೆ ಇಂದಿನ ಬಿಇಎಂಎಲ್. ಬುಲ್ಡೋಜರು, ಅಗೆಯುವ ಯಂತ್ರಗಳು ಕೋಲಾರದ ಚಿನ್ನದ ಗಣಿಯ ಊರಿನಲ್ಲಿರುವ ಅದರ ಕಾರ್ಖಾನೆಯಲ್ಲಿ ಸಿದ್ಧವಾದರೆ, ಡಂಪರುಗಳು ಮೈಸೂರಿನ ಕಾರ್ಖಾನೆಯಿಂದ ಹೊರಬರುತ್ತವೆ.

ನೂರು ಟನ್ನಿನ ವರ್ಗದ ಡಂಪರೊಂದು ಸುಮಾರು ೯೦ ಮೆಟ್ರಿಕ್ ಟನ್ ಹೊರೆಯನ್ನು ಹೊರುವುದು. ಅದರ ಮೈತೂಕವನ್ನೂ ಕೂಡಿಸಿದರೆ ಒಟ್ಟು ತೂಕ ಸುಮಾರು ೧೬೦ ಟನ್ ಆಗುವುದು. ಅದರ ಆರು ಟೈರುಗಳಲ್ಲಿ ಒಂದೊಂದೂ ಆಳೆತ್ತರವನ್ನು ಮೀರಿ ಸುಮಾರು ೨.೭ ಮೀಟರು ಎತ್ತರವಿರುವುದು. ಎಂಜಿನ್ನಿನ ಶಕ್ತಿ ಸಾವಿರ ಕುದುರೆಗಳ ಸಮೀಪದ್ದು. ಚಕ್ಕಡಿಯೊಂದರ ಹೊರೆ ಒಂದೂವರೆ ಟನ್ ಎಂದಿಟ್ಟುಕೊಂಡರೆ ಅರವತ್ತು ಚಕ್ಕಡಿಗಳ ಹೊರೆಯನ್ನು ಇದೊಂದೇ ಎಳೆದಂತಾಯಿತು. ದಿನಕ್ಕೆ ಎರಡು ಮೂರು ಪಾಳಿಗಳಲ್ಲಿ, ಧೂಳಿನಲ್ಲಿಯೂ ಏರಿನಲ್ಲಿಯೂ ಬಿಡುವಿಲ್ಲದೆ ಇದು ದುಡಿಯುವುದು.

ಸವೆತವು ಹೇಗೆ ಆಗುವುದು?

ಎಂಜಿನ್ನಿನೊಳಗೆ ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಕೀಲೆಣ್ಣೆಯ ತೆಳುವಾದ ಪದರವೊಂದಿರುವುದು. ಅದರ ದಪ್ಪವು ಕೆಲವೇ ಮೈಕ್ರಾನುಗಳು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳು. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್ ಎಂಬುದನ್ನು ನೆನೆದರೆ ಈ ಪದರವೆಷ್ಟು ಸೂಕ್ಷ್ಮವೆಂಬುದು ತಿಳಿಯುವುದು. ಅದು ಅಖಂಡವಾಗಿರುವವರೆಗೆ ಲೋಹವು ಲೋಹವನ್ನು ಮುಟ್ಟುವುದಿಲ್ಲ. ಸವೆತವೂ ಹೆಚ್ಚಾಗಿ ಆಗುವುದಿಲ್ಲ.

ಈ ಪದರಕ್ಕೆ ಎರಡು ಬಗೆಯ ಶತ್ರುಗಳುಂಟು. ಮೊದಲನೆಯದು ಹೊರಗಿನ ಧೂಳು. ಒಂದು ಲೀಟರು ಡೀಸೆಲ್ ಉರಿಯಬೇಕಾದರೆ ಹತ್ತು ಸಾವಿರ ಲೀಟರಿಗೂ ಮಿಕ್ಕಿದ ಗಾಳಿ ಬೇಕು. ಗಣಿಯ ಗಾಳಿಯಲ್ಲಿ ತೇಲುವ ಮರಳಿನ ಕಣಗಳು ಸಾಮಾನ್ಯ ಉಕ್ಕಿಗಿಂತ ಗಡುಸಾದವು. ಗಾಳಿಯ ಫಿಲ್ಟರು ಹರಿದಿದ್ದರೆ ಅಥವಾ ಅದರ ಕೊಳವೆಯ ಪಟ್ಟಿ ಸಡಿಲವಾಗಿದ್ದರೆ ಈ ಕಣಗಳು ಒಳನುಗ್ಗಿ ಉಜ್ಜುಕಾಗದದಂತೆ ಸಿಲಿಂಡರಿನ ಗೋಡೆಯನ್ನು ತೇಯುವವು. ಎರಡನೆಯ ಶತ್ರು ಒಳಗೇ ಹುಟ್ಟುವುದು. ಇಂಧನವು ಉರಿಯುವಾಗ ಮಸಿಯೂ ಆಮ್ಲಗಳೂ ಉತ್ಪನ್ನವಾಗಿ ಎಣ್ಣೆಯಲ್ಲಿ ಸೇರುವವು. ಆಮ್ಲವನ್ನು ತಟಸ್ಥಗೊಳಿಸಲೆಂದು ಎಣ್ಣೆಗೆ ಬೆರೆಸಿದ ದ್ರವ್ಯಗಳು ಕಾಲಕ್ರಮದಲ್ಲಿ ಮುಗಿದುಹೋಗುವವು. ಆಗ ಎಣ್ಣೆಯ ಪ್ರಮಾಣವು ಕಡಿಮೆಯಾಗದಿದ್ದರೂ ಅದರ ಗುಣವು ಉಳಿದಿರುವುದಿಲ್ಲ. ಮಟ್ಟ ಸರಿಯಿದೆಯೆಂಬ ಒಂದೇ ಕಾರಣಕ್ಕೆ ಹಳೆಯ ಎಣ್ಣೆಯಲ್ಲಿಯೇ ಯಂತ್ರವನ್ನು ನಡೆಸುವುದು ಈ ಕಾರಣದಿಂದ ತಪ್ಪು.

ಗಂಟೆಗಳ ಪಂಚಾಂಗ

ಈ ಗುಣವು ಯಾವಾಗ ಮುಗಿಯುವುದೆಂದು ತಿಳಿಯುವುದು ಹೇಗೆ? ರಸ್ತೆಯ ವಾಹನಗಳಲ್ಲಿ ಓಡಿದ ಕಿಲೋಮೀಟರುಗಳನ್ನು ಎಣಿಸುವರು. ಡಂಪರಿಗೆ ಈ ಲೆಕ್ಕ ಸಾಲದು. ಅದು ಹೊರೆ ತುಂಬುವಲ್ಲಿ ಎಂಜಿನ್ ನಡೆಯುತ್ತಿರುವಂತೆಯೇ ನಿಂತಿರುವುದು. ಏರಿನಲ್ಲಿ ನಿಧಾನವಾಗಿ ತೆವಳುವುದು. ಗಾಲಿ ತಿರುಗದಿದ್ದರೂ ಎಂಜಿನ್ ದುಡಿಯುತ್ತಿರುತ್ತದೆ. ಆದುದರಿಂದ ಇಲ್ಲಿ ದುಡಿಮೆಯ ಗಂಟೆಗಳೇ ಅಳತೆಗೋಲು. ಮನೆಯಲ್ಲಿ ಟ್ರ್ಯಾಕ್ಟರ್ ಇರುವ ವಿದ್ಯಾರ್ಥಿಗಳು ಅದರ ಫಲಕದಲ್ಲಿ ಗಂಟೆಗಳನ್ನು ತೋರಿಸುವ ಮಾಪಕವನ್ನು ನೋಡಿರಬಹುದು. ಅದರ ಉದ್ದೇಶವೂ ಇದೇ.

ಪ್ರತಿಯೊಂದು ಯಂತ್ರಕ್ಕೂ ಅದನ್ನು ತಯಾರಿಸಿದವರ ಕೈಪಿಡಿಯೇ ಪ್ರಮಾಣ. ಆದರೂ ಸಾಮಾನ್ಯ ಪದ್ಧತಿ ಹೀಗಿರುತ್ತದೆ. ಪ್ರತಿ ಪಾಳಿಯ ಆರಂಭದಲ್ಲಿ ಚಾಲಕನು ಯಂತ್ರದ ಸುತ್ತ ಒಮ್ಮೆ ನಡೆದು ಸೋರಿಕೆ, ಬಿರುಕು, ಸಡಿಲಾದ ಬೋಲ್ಟು, ಟೈರಿನ ಗಾಯ, ಎಣ್ಣೆ ನೀರುಗಳ ಮಟ್ಟ ಇವುಗಳನ್ನು ನೋಡುವನು. ಬ್ರೇಕನ್ನೂ ಚುಕ್ಕಾಣಿಯನ್ನೂ ಪರೀಕ್ಷಿಸುವನು. ೨೫೦ ಗಂಟೆಗಳಿಗೊಮ್ಮೆ ಎಂಜಿನ್ನಿನ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸುವರು. ೫೦೦ ಗಂಟೆಗಳಿಗೆ ಇಂಧನದ ಫಿಲ್ಟರು, ೧,೦೦೦ ಗಂಟೆಗಳಿಗೆ ಗೇರುಪೆಟ್ಟಿಗೆಯ ಎಣ್ಣೆ, ೨,೦೦೦ ಗಂಟೆಗಳಿಗೆ ಹೊರೆಯ ತೊಟ್ಟಿಯನ್ನು ಎತ್ತುವ ದ್ರವಯಂತ್ರದ ಎಣ್ಣೆ, ಹಿಂಗಾಲಿಗಳ ಗೇರಿನ ಎಣ್ಣೆ ಮೊದಲಾದವುಗಳ ಸರದಿ ಬರುವುದು.

ಈ ಅಂಕಿಗಳು ಇಮ್ಮಡಿಯಾಗುತ್ತ ಹೋಗುವುದನ್ನು ಗಮನಿಸಿರಿ. ದೊಡ್ಡ ಸರದಿಯ ದಿನ ಚಿಕ್ಕ ಸರದಿಗಳ ಕೆಲಸವೆಲ್ಲ ಅದರಲ್ಲಿಯೇ ಅಡಗಿರುವುದರಿಂದ ಯಂತ್ರವನ್ನು ಬೇರೆ ಬೇರೆ ದಿನ ನಿಲ್ಲಿಸಬೇಕಾಗುವುದಿಲ್ಲ. ೨,೦೦೦ ಗಂಟೆಗಳಲ್ಲಿ ಎಂಟು ನಿಲುಗಡೆಗಳು ಬಂದರೆ, ಅವುಗಳಲ್ಲಿ ನಾಲ್ಕು ೨೫೦ರವು, ಎರಡು ೫೦೦ರವು, ಒಂದು ೧,೦೦೦ದ್ದು, ಒಂದು ೨,೦೦೦ದ್ದು. ದಿನಕ್ಕೆ ೨೦ ಗಂಟೆ ದುಡಿಯುವ ಡಂಪರಿಗೆ ಈ ಚಕ್ರವು ನೂರು ದಿನಗಳಲ್ಲಿ ಪೂರ್ಣವಾಗುವುದು. ಅದರ ಮಾಪಕವು ಇಂದು ೧,೮೬೦ನ್ನು ತೋರಿಸುತ್ತಿದ್ದರೆ ಇನ್ನು ಏಳು ದಿನಗಳಲ್ಲಿ ಅತಿ ದೊಡ್ಡ ಸರದಿ ಬರುವುದೆಂದು ಲೆಕ್ಕ ಹಾಕಬಹುದು. ಏಳು ದಿನ ಮೊದಲೇ ತಿಳಿದರೆ ಎಣ್ಣೆ, ಫಿಲ್ಟರು, ಆಳು, ಜಾಗ ಎಲ್ಲವನ್ನೂ ಸಿದ್ಧಪಡಿಸಿಕೊಳ್ಳಬಹುದು. ತಾನಾಗಿ ಕೆಟ್ಟು ನಿಂತ ಯಂತ್ರವು ಇಂಥ ಮುನ್ಸೂಚನೆಯನ್ನು ಕೊಡುವುದಿಲ್ಲ.

ಬ್ರೇಕಿನ ಲೆಕ್ಕ

ಪಾಲನೆಯ ಲೋಪದಿಂದ ಹಣದ ನಷ್ಟವಷ್ಟೇ ಆಗುವುದಾದರೆ ಈ ವಿಷಯಕ್ಕೆ ಇಷ್ಟು ಮಹತ್ತ್ವ ಬರುತ್ತಿರಲಿಲ್ಲ. ಬೆಟ್ಟದ ನೆತ್ತಿಯಲ್ಲಿರುವ ಗಣಿಯಿಂದ ೧೬೦ ಟನ್ ತೂಕದ ಡಂಪರು ೧೦೦ ಮೀಟರು ಎತ್ತರವನ್ನು ಇಳಿಯುತ್ತಿರುವುದೆಂದು ಭಾವಿಸೋಣ. ತೂಕ, ಗುರುತ್ವ, ಎತ್ತರಗಳನ್ನು ಗುಣಿಸಿದರೆ ಅದು ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು ೧೫ ಕೋಟಿ ೭೦ ಲಕ್ಷ ಜೂಲುಗಳಾಗುವುದು. ವೇಗವು ಹೆಚ್ಚಬಾರದೆಂದರೆ ಈ ಶಕ್ತಿಯ ಬಹುಭಾಗವು ಬ್ರೇಕಿನಲ್ಲಿ ಉಷ್ಣವಾಗಿ ಮಾರ್ಪಡಬೇಕು. ೨೫ ಡಿಗ್ರಿ ಉಷ್ಣತೆಯ ೫೦೦ ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಉಷ್ಣವಿದು! ಒಂದೇ ಇಳಿತದಲ್ಲಿ ಹುಟ್ಟುವ ಈ ಉಷ್ಣವನ್ನು ಹೊರಹಾಕಲೆಂದೇ ದೊಡ್ಡ ಡಂಪರುಗಳಲ್ಲಿ ಬ್ರೇಕಿನ ಬಿಲ್ಲೆಗಳನ್ನು ಎಣ್ಣೆಯಲ್ಲಿ ಮುಳುಗಿಸಿ, ಆ ಎಣ್ಣೆಯನ್ನು ಸತತವಾಗಿ ತಂಪುಗೊಳಿಸುವ ಏರ್ಪಾಡಿರುತ್ತದೆ.

ಈಗ ತಂಪುಕಾರಕದ ಕೊಳವೆಯಲ್ಲಿ ಕೆಸರು ಕಟ್ಟಿದೆಯೆನ್ನಿ, ಅಥವಾ ಬಿಲ್ಲೆಗಳು ಮಿತಿಮೀರಿ ಸವೆದಿವೆಯೆನ್ನಿ. ಸಮತಟ್ಟಿನಲ್ಲಿ ನಡೆಯುವಾಗ ಈ ದೋಷವು ಚಾಲಕನ ಅರಿವಿಗೆ ಬಾರದೆ ಹೋಗಬಹುದು. ಅದು ಹೊರಬೀಳುವುದು ಪೂರ್ಣ ಹೊರೆಯೊಡನೆ ಇಳಿಜಾರಿನ ನಡುವೆ ಇರುವಾಗ. ಆ ಕ್ಷಣದಲ್ಲಿ ದುರಸ್ತಿಗೆ ಅವಕಾಶವೇ ಇರುವುದಿಲ್ಲ. ನಿಪ್ಪಾಣಿ ಸಂಕೇಶ್ವರಗಳ ನಡುವಣ ತವಂದಿ ಘಾಟದಲ್ಲಿ ಹೊರೆಲಾರಿಗಳು ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಯಬೇಕಾದುದಕ್ಕೂ ಇದೇ ಭೌತಶಾಸ್ತ್ರವು ಕಾರಣ. ತೂಕ ಚಿಕ್ಕದಾದರೂ ನಿಯಮ ಬೇರೆಯಲ್ಲ.

ಎಣ್ಣೆಯ ಸಾಕ್ಷ್ಯ

ಯಂತ್ರವನ್ನು ಬಿಚ್ಚದೆಯೇ ಅದರ ಒಳಗಿನ ಸ್ಥಿತಿಯನ್ನು ತಿಳಿಯುವ ಉಪಾಯವೂ ಉಂಟು. ಉಪ್ಪಿನ ಕಣವನ್ನು ಜ್ವಾಲೆಗೆ ಹಿಡಿದರೆ ಸೋಡಿಯಮ್ಮಿನ ಹಳದಿ ಬೆಳಕು ಕಾಣುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ಪ್ರತಿಯೊಂದು ಮೂಲವಸ್ತುವೂ ಹೀಗೆ ತನ್ನದೇ ಆದ ಬೆಳಕನ್ನು ಸೂಸುವುದು. ಯಂತ್ರದಿಂದ ತೆಗೆದ ಅಲ್ಪ ಪ್ರಮಾಣದ ಎಣ್ಣೆಯನ್ನು ವಿದ್ಯುತ್ ಕಿಡಿಯಿಂದ ಉದ್ದೀಪಿಸಿ ಅದರ ರೋಹಿತವನ್ನು ಪರೀಕ್ಷಿಸಿದರೆ ಯಾವ ಲೋಹ ಎಷ್ಟು ಸವೆದು ಬಂದಿದೆಯೆಂದು ತಿಳಿಯುವುದು. ಅಮೆರಿಕದ ರೈಲ್ವೆ ಕಂಪನಿಗಳು ೧೯೪೦ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳಿಗಾಗಿ ಈ ವಿಧಾನವನ್ನು ಬಳಕೆಗೆ ತಂದವು. ಇಂದು ಗಣಿಯ ಯಂತ್ರಗಳಲ್ಲಿ ಇದು ಸರ್ವಸಾಮಾನ್ಯವಾಗಿದೆ.

ತಾಮ್ರ, ಸೀಸಗಳು ಹೆಚ್ಚಿದರೆ ಬೇರಿಂಗು ಸವೆಯುತ್ತಿದೆಯೆಂದು ಸಂಶಯಪಡಬೇಕು. ಸಿಲಿಕಾನೂ ಕಬ್ಬಿಣವೂ ಒಟ್ಟಿಗೆ ಏರಿದರೆ ಗಾಳಿಯ ದಾರಿಯಲ್ಲಿ ಧೂಳು ನುಸುಳಿ ಸಿಲಿಂಡರನ್ನು ತೇಯುತ್ತಿರುವ ಸಂಭವವುಂಟು. ಇಲ್ಲಿ ಒಂದೇ ಪರೀಕ್ಷೆಯ ಅಂಕಿಗಿಂತ ಹಿಂದಿನ ಪರೀಕ್ಷೆಗಳೊಡನೆ ಹೋಲಿಸಿದ ಏರಿಳಿತವೇ ಹೆಚ್ಚು ಅರ್ಥವತ್ತಾದುದು. ಆದುದರಿಂದ ಪಾಲನೆಯ ದಾಖಲೆಪುಸ್ತಕವನ್ನು ಸತ್ಯವಾಗಿ ಬರೆಯುವುದು ಎಣ್ಣೆ ಬದಲಿಸುವಷ್ಟೇ ಮುಖ್ಯವಾದ ಕೆಲಸ. ಮಾಡದ ಕೆಲಸಕ್ಕೆ ಮಾಡಿದೆನೆಂದು ಗುರುತು ಹಾಕಿದವನು ಮುಂದಿನ ಪಾಳಿಯ ಚಾಲಕನ ಕಣ್ಣು ಕಟ್ಟಿದಂತೆಯೇ ಸರಿ.

ಅತಿಯಾದರೆ?

ಹಾಗಾದರೆ ಯಂತ್ರವನ್ನು ಪದೇ ಪದೇ ಬಿಚ್ಚಿ ನೋಡುತ್ತಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರವು ದೊರೆತುದು ವಿಮಾನಗಳಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕರಾವಳಿ ವಾಯುಪಡೆಯ ವಿಮಾನಗಳನ್ನು ಪ್ರತಿ ೫೦ ಹಾರಾಟದ ಗಂಟೆಗಳಿಗೊಮ್ಮೆ ತಪಾಸಣೆ ಮಾಡುತ್ತಿದ್ದರು. ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಅವರ ಸಂಗಡಿಗರು ದಾಖಲೆಗಳನ್ನು ಪರಿಶೀಲಿಸಿದಾಗ ಅಚ್ಚರಿಯೊಂದು ಕಂಡಿತು. ಅನಿರೀಕ್ಷಿತ ದೋಷಗಳು ತಪಾಸಣೆ ಮುಗಿದ ಕೂಡಲೇ ಹೆಚ್ಚಾಗಿದ್ದು ಕ್ರಮೇಣ ಇಳಿಯುತ್ತಿದ್ದವು! ಸುಸ್ಥಿತಿಯಲ್ಲಿದ್ದ ಭಾಗವನ್ನು ಅನಾವಶ್ಯಕವಾಗಿ ಕೆದಕಿದುದರಿಂದಲೇ ಹೊಸ ದೋಷಗಳು ಹುಟ್ಟುತ್ತಿದ್ದವು. ತಪಾಸಣೆಯ ಕ್ರಮವನ್ನು ಇದಕ್ಕೆ ತಕ್ಕಂತೆ ತಿದ್ದಿದ ಮೇಲೆ ಹಾರಾಟಕ್ಕೆ ಸಿಗುವ ಗಂಟೆಗಳು ಹೆಚ್ಚಿದವು.

ಇದರಿಂದ ಪಾಲನೆಯೇ ಬೇಡವೆಂದು ತಿಳಿಯಬಾರದು. ಕಾಲಕ್ಕೆ ಸರಿಯಾಗಿ ಸವೆಯುವ ಎಣ್ಣೆ, ಫಿಲ್ಟರುಗಳನ್ನು ಗಂಟೆಯ ಲೆಕ್ಕದಂತೆ ಬದಲಿಸಬೇಕು. ಉಳಿದ ಭಾಗಗಳನ್ನು ಎಣ್ಣೆಯ ಪರೀಕ್ಷೆ, ಉಷ್ಣತೆ, ಒತ್ತಡ, ಕಂಪನಗಳ ಅಳತೆಯಿಂದ ಕಾಯಬೇಕು. ಬಿಚ್ಚಿದುದನ್ನು ಶುಚಿಯಾಗಿ, ಗೊತ್ತಾದ ಬಿಗುವಿನಿಂದ ಮತ್ತೆ ಜೋಡಿಸಬೇಕು.

ಪಾಲಕನ ಪ್ರಾಣ

ಕೊನೆಯದಾಗಿ ಪಾಲನೆ ಮಾಡುವವನ ರಕ್ಷಣೆಯ ಮಾತು. ಮೇಲೆತ್ತಿದ ತೊಟ್ಟಿಯನ್ನು ದ್ರವದ ಒತ್ತಡವೊಂದರ ಮೇಲೆಯೇ ನಂಬಿ ಅದರ ಕೆಳಗೆ ಹೋಗಬಾರದು. ಕೊಳವೆ ಒಡೆದರೆ ಹಲವು ಟನ್ ಉಕ್ಕು ಕ್ಷಣದಲ್ಲಿ ಕೆಳಗಿಳಿಯುವುದು. ಭದ್ರತೆಯ ಕೀಲನ್ನು ತೊಡಿಸಿದ ಮೇಲೆಯೇ ಕೆಲಸ. ಗಾಲಿಯನ್ನು ಕಳಚುವ ಮೊದಲು ಜೋಡಿಯ ಎರಡೂ ಟೈರುಗಳ ಗಾಳಿಯನ್ನು ಪೂರ್ತಿಯಾಗಿ ಬಿಡಬೇಕು. ಎಂಜಿನ್ನನ್ನು ಬೇರೊಬ್ಬರು ಚಾಲೂ ಮಾಡದಂತೆ ಬೀಗ ಹಾಕಿ ಅದರ ಕೀಲಿಕೈಯನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಗಡಿಬಿಡಿಯಲ್ಲಿ, ರಾತ್ರಿಯಲ್ಲಿ, ಏರಿನ ನಡುವೆ ನಿಂತ ಯಂತ್ರದ ಬಳಿ ಈ ನಿಯಮಗಳನ್ನು ಪಾಲಿಸುವುದು ಕಷ್ಟ. ಗೊತ್ತಾದ ದಿನ, ಸಮತಟ್ಟಾದ ಕಾರ್ಯಾಗಾರದಲ್ಲಿ ಸುಲಭ. ಇದೂ ಕಾಲಬದ್ಧ ಪಾಲನೆಯ ಒಂದು ಲಾಭ.

ಯಂತ್ರವೆಂದ ಮೇಲೆ ಎಂದಾದರೊಂದು ದಿನ ನಿಲ್ಲಲೇಬೇಕು. ಆ ದಿನವನ್ನು ನಾವು ಗೊತ್ತುಮಾಡಬೇಕೋ, ಯಂತ್ರವೇ ಗೊತ್ತುಮಾಡಬೇಕೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅಚ್ಚಿಗೆ ಎಣ್ಣೆ ಉಣಿಸಿ ಹೊರಟ ಚಕ್ಕಡಿಯವನು ಈ ಪ್ರಶ್ನೆಗೆ ಉತ್ತರವನ್ನು ಹೊರಡುವ ಮುನ್ನವೇ ಕೊಟ್ಟಿದ್ದನು. ಮನೆಯ ಟ್ರ್ಯಾಕ್ಟರಿನ ಮಾಪಕವು ಇಂದು ಎಷ್ಟು ಗಂಟೆಗಳನ್ನು ತೋರಿಸುತ್ತಿದೆ, ಅದರ ಎಣ್ಣೆಯನ್ನು ಕೊನೆಯ ಬಾರಿ ಬದಲಿಸಿದುದು ಎಷ್ಟು ಗಂಟೆಗಳಿಗೆ ಎಂಬುದನ್ನು ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಈ ಪಾಠದ ಅಭ್ಯಾಸವನ್ನು ಆರಂಭಿಸಿದಂತಾಗುವುದು.