ಮರಗೆತ್ತನೆ ಯಂತ್ರ: ಬಿಟ್‌ಗಳ ಆಯ್ಕೆ, ವೇಗದ ನಿರ್ಧಾರ ಮತ್ತು ವೆಚ್ಚದ ಲೆಕ್ಕ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಿಗೆ ಮರಗೆಲಸ ಹೊಸತಲ್ಲ. ಶ್ರೀಕಂಠೇಶ್ವರಸ್ವಾಮಿಯ ಪಂಚ ಮಹಾರಥೋತ್ಸವದ ತೇರುಗಳಿಂದ ಹಿಡಿದು ಮನೆಯ ಹೆಬ್ಬಾಗಿಲಿನ ಗಜಲಕ್ಷ್ಮಿಯವರೆಗೆ ಬಡಗಿಯ ಉಳಿಯ ಕೆಲಸ ಕಣ್ಣಿಗೆ ಬೀಳುತ್ತದೆ. ಈಗ ಮನೆಯ ಒಂದು ಕೋಣೆಯಲ್ಲಿಯೇ ಇರಿಸಬಹುದಾದ, ಗಣಕಯಂತ್ರದಿಂದ ನಿಯಂತ್ರಿತವಾದ ಸಣ್ಣ ಕೆತ್ತನೆ ಯಂತ್ರಗಳು ಬಂದಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕಸುಬೂ ಸೇರಿದೆ. ಅರ್ಹರಿಗೆ ಶೇ. 5ರ ಬಡ್ಡಿಯಲ್ಲಿ, ಆಧಾರವಿಲ್ಲದೆ, ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಗಳ ಸಾಲಕ್ಕೆ ಅದರಲ್ಲಿ ಅವಕಾಶವಿದೆ.

ಯಂತ್ರ ಕೊಳ್ಳುವಾಗ ಅದರ ಬೆಲೆಯನ್ನು ಎಲ್ಲರೂ ವಿಚಾರಿಸುತ್ತಾರೆ. ಆದರೆ ಕೊಂಡ ಮೇಲೆ ಲಾಭ ನಷ್ಟಗಳನ್ನು ನಿರ್ಧರಿಸುವುದು ಯಂತ್ರದ ತುದಿಗೆ ಸಿಕ್ಕಿಸುವ ಸಣ್ಣ ಬಿಟ್ ಮತ್ತು ಅದಕ್ಕೆ ಕೊಡುವ ವೇಗ. ಈ ಎರಡರ ಲೆಕ್ಕವನ್ನು ಉದ್ದಿಮೆದಾರರು ಅರಿತಿರಬೇಕು.

1. ಬಿಟ್‌ಗಳ ವಿಧಗಳು

ಆರಂಭಕ್ಕೆ ನಾಲ್ಕು ಬಗೆಯ ಬಿಟ್‌ಗಳು ಸಾಕು.

ಅ) ಚಪ್ಪಟೆ ತುದಿಯ ಬಿಟ್: ಹೆಚ್ಚುವರಿ ಮರವನ್ನು ತೆಗೆಯುವ ಒರಟು ಕೆಲಸಕ್ಕೆ. ಸಾಮಾನ್ಯವಾಗಿ 6 ಮಿ.ಮೀ. ವ್ಯಾಸದ್ದು.

ಆ) ಗುಂಡು ತುದಿಯ ಬಿಟ್: ಉಬ್ಬು ಶಿಲ್ಪದ ಅಂತಿಮ ಕೆತ್ತನೆಗೆ. 3 ಅಥವಾ 6 ಮಿ.ಮೀ.

ಇ) ಮೊನಚಾಗುತ್ತ ಹೋಗುವ ಗುಂಡು ತುದಿಯ ಬಿಟ್: ಮುಖ, ಆಭರಣ, ಬೆರಳುಗಳಂತಹ ಸೂಕ್ಷ್ಮ ಭಾಗಗಳಿಗೆ. ಬುಡ ದಪ್ಪವಿರುವುದರಿಂದ ಸುಲಭವಾಗಿ ಮುರಿಯುವುದಿಲ್ಲ.

ಈ) ವಿ ಆಕಾರದ ಬಿಟ್: ನಾಮಫಲಕದ ಅಕ್ಷರಗಳಿಗೆ. 90 ಡಿಗ್ರಿಯ ಬಿಟ್ 4 ಮಿ.ಮೀ. ಅಗಲದ ಗೆರೆಗೆ 2 ಮಿ.ಮೀ. ಆಳಕ್ಕೆ ಇಳಿದರೆ, 60 ಡಿಗ್ರಿಯ ಬಿಟ್ ಸುಮಾರು 3.5 ಮಿ.ಮೀ. ಇಳಿಯಬೇಕು. ತೆಳು ಹಲಗೆಯ ಮೇಲೆ ಈ ವ್ಯತ್ಯಾಸ ಮುಖ್ಯ.

ಅಲಗಿನ ತಿರುವನ್ನೂ ಗಮನಿಸಬೇಕು. ಸಿಪ್ಪೆಯನ್ನು ಮೇಲಕ್ಕೆತ್ತುವ ಬಿಟ್ ಕುಳಿಯನ್ನು ಚೊಕ್ಕಟವಾಗಿಡುತ್ತದೆ, ಆದರೆ ಹಲಗೆಯ ಮೇಲಂಚಿನ ಎಳೆಗಳನ್ನು ಕೀಳುತ್ತದೆ. ಕೆಳಕ್ಕೆ ಒತ್ತುವ ಬಿಟ್ ಮೇಲಂಚನ್ನು ಕಾಪಾಡುತ್ತದೆ, ಆದರೆ ಆಳವಾದ ಕುಳಿಯಲ್ಲಿ ಸಿಪ್ಪೆ ತುಂಬಿಕೊಂಡು ಕಾವೇರುತ್ತದೆ. ಬಿಟ್‌ನ ಹಿಡಿಯ ಅಳತೆಯೂ ಕಾಲೆಟ್‌ನ ಅಳತೆಯೂ ಒಂದೇ ಆಗಿರಬೇಕು. 3 ಮಿ.ಮೀ. ಹಿಡಿಗೂ 3.175 ಮಿ.ಮೀ. ಹಿಡಿಗೂ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಹೊಂದದ ಕಾಲೆಟ್‌ನಲ್ಲಿ ಬಿಟ್ ಅಲುಗಿ ಕೆಲಸವೂ ಕೆಡುತ್ತದೆ, ಬಿಟ್ಟೂ ಮುರಿಯುತ್ತದೆ.

2. ವೇಗದ ಸೂತ್ರ

ಇಲ್ಲಿ ಎರಡು ವೇಗಗಳಿವೆ: ಬಿಟ್ ಸುತ್ತುವ ವೇಗ ಮತ್ತು ಬಿಟ್ ಮರದ ಮೇಲೆ ಸಾಗುವ ವೇಗ. ಇವುಗಳನ್ನು ಕೂಡಿಸುವ ಸೂತ್ರ ಹೀಗಿದೆ:

ಸಾಗುವ ವೇಗ = ನಿಮಿಷಕ್ಕೆ ಸುತ್ತುಗಳು × ಅಲಗುಗಳ ಸಂಖ್ಯೆ × ಅಲಗೊಂದು ಪ್ರತಿ ಸುತ್ತಿಗೆ ತೆಗೆಯುವ ಸಿಪ್ಪೆಯ ದಪ್ಪ

ಎರಡು ಅಲಗಿನ 6 ಮಿ.ಮೀ. ಬಿಟ್ ನಿಮಿಷಕ್ಕೆ 12,000 ಸುತ್ತು ಸುತ್ತುತ್ತ, ಅಲಗೊಂದಕ್ಕೆ 0.08 ಮಿ.ಮೀ. ಸಿಪ್ಪೆ ತೆಗೆಯಬೇಕಾದರೆ, ಸಾಗುವ ವೇಗ ನಿಮಿಷಕ್ಕೆ 1,920 ಮಿ.ಮೀ. ಆಗುತ್ತದೆ.

ಹೊಸಬರು ಬಿಟ್ ಮುರಿದೀತೆಂಬ ಭಯದಿಂದ ಸುತ್ತುವ ವೇಗವನ್ನು 24,000ಕ್ಕೆ ಏರಿಸಿ, ಸಾಗುವ ವೇಗವನ್ನು 600 ಮಿ.ಮೀ.ಗೆ ಇಳಿಸುವುದುಂಟು. ಆಗ ಅಲಗೊಂದಕ್ಕೆ ಸಿಗುವ ಸಿಪ್ಪೆ 0.0125 ಮಿ.ಮೀ. ಮಾತ್ರ. ಅಲಗು ಮರವನ್ನು ಕತ್ತರಿಸುವ ಬದಲು ಉಜ್ಜುತ್ತದೆ. ಮರದ ಮೇಲೆ ಸುಟ್ಟ ಕರೆ ಮೂಡುತ್ತದೆ, ಅಲಗು ಮೊಂಡಾಗುತ್ತದೆ. ನಿಧಾನವೇ ಸುರಕ್ಷಿತವೆಂಬ ನಂಬಿಕೆ ಇಲ್ಲಿ ಸಲ್ಲದು. ಯಂತ್ರದಿಂದ ಸಿಪ್ಪೆ ಬೀಳುತ್ತಿದ್ದರೆ ವೇಗ ಸರಿಯಿದೆ. ಬರೀ ನುಣ್ಣನೆಯ ಹುಡಿ ಬೀಳುತ್ತಿದ್ದರೆ ಸುತ್ತನ್ನು ತಗ್ಗಿಸಬೇಕು ಅಥವಾ ಸಾಗುವ ವೇಗವನ್ನು ಹೆಚ್ಚಿಸಬೇಕು.

ಹಗುರ ಚೌಕಟ್ಟಿನ ಯಂತ್ರಗಳಲ್ಲಿ ಸಿಪ್ಪೆಯ ದಪ್ಪವನ್ನು 0.04 ಮಿ.ಮೀ.ಯಿಂದ ಆರಂಭಿಸಿ ಮೆಲ್ಲನೆ ಏರಿಸುವುದು ಒಳ್ಳೆಯದು. ಒಂದು ಸಲಕ್ಕೆ ಇಳಿಯುವ ಆಳ ಗಟ್ಟಿಮರದಲ್ಲಿ ಬಿಟ್‌ನ ವ್ಯಾಸದ ಅರ್ಧವನ್ನು ಮೀರದಿರಲಿ.

3. ಮರದ ಗುಣ

ತೇಗದಲ್ಲಿ ಸಿಲಿಕಾದ ಅಂಶವಿರುವುದರಿಂದ ಅಲಗು ಬೇಗ ಸವೆಯುತ್ತದೆ. ಕಾರ್ಬೈಡ್ ಬಿಟ್ಟೇ ಸೂಕ್ತ. ಬೀಟೆ ಮರ ಗಟ್ಟಿ ಮತ್ತು ಭಾರ. ಆಳವನ್ನು ಕಡಿಮೆ ಮಾಡಬೇಕು. ಹಲಸಿನ ಎಳೆಗಳು ಅಡ್ಡಾದಿಡ್ಡಿ ಸಾಗುವುದರಿಂದ ಮೇಲ್ಮೈ ಸುಲಭವಾಗಿ ಕಿತ್ತುಬರುತ್ತದೆ. ಹರಿತವಾದ ಬಿಟ್ ಮತ್ತು ತೆಳುವಾದ ಅಂತಿಮ ಪದರ ಬೇಕು. ಪ್ಲೈವುಡ್ ಮತ್ತು ಎಂಡಿಎಫ್‌ನ ಅಂಟು ಸಾಧಾರಣ ಉಕ್ಕಿನ ಬಿಟ್‌ಗಳನ್ನು ಬೇಗನೆ ಮೊಂಡಾಗಿಸುತ್ತದೆ. ಮರ ಯಾವುದಾದರೂ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಎಳೆಗಳು ನಾರುನಾರಾಗಿ ಉಳಿದು, ಕೆತ್ತಿದ ಮೇಲೆ ಹಲಗೆ ಸೊಟ್ಟಗಾಗುತ್ತದೆ.

4. ಸಾಲುಗಳ ಅಂತರ ಮತ್ತು ಸಮಯ

ಗುಂಡು ತುದಿಯ ಬಿಟ್ ಹೊಲ ಉಳುವಂತೆ ಸಾಲುಸಾಲಾಗಿ ಸಾಗುತ್ತದೆ. ಎರಡು ಸಾಲುಗಳ ನಡುವೆ ಉಳಿಯುವ ದಿಂಡಿನ ಎತ್ತರವು, ಸಾಲುಗಳ ಅಂತರದ ವರ್ಗವನ್ನು ಬಿಟ್‌ನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದಷ್ಟಿರುತ್ತದೆ.

300 × 300 ಮಿ.ಮೀ. ಗಜಲಕ್ಷ್ಮಿ ಫಲಕವೊಂದನ್ನು 3 ಮಿ.ಮೀ. ಬಿಟ್‌ನಿಂದ ನಿಮಿಷಕ್ಕೆ 2,000 ಮಿ.ಮೀ. ವೇಗದಲ್ಲಿ ಕೆತ್ತುವುದಾಗಿ ಭಾವಿಸಿದರೆ:

ಅಂತರ 0.3 ಮಿ.ಮೀ.: 1,000 ಸಾಲು, 300 ಮೀಟರ್ ಪಯಣ, 150 ನಿಮಿಷ, ದಿಂಡು 0.0075 ಮಿ.ಮೀ.

ಅಂತರ 0.6 ಮಿ.ಮೀ.: 500 ಸಾಲು, 150 ಮೀಟರ್ ಪಯಣ, 75 ನಿಮಿಷ, ದಿಂಡು 0.03 ಮಿ.ಮೀ.

ಏರುತಗ್ಗುಗಳಲ್ಲಿ ಯಂತ್ರ ನಿಧಾನಿಸುವುದರಿಂದ ವಾಸ್ತವದ ಸಮಯ ಇನ್ನಷ್ಟು ಹೆಚ್ಚು. ಆದರೆ 0.03 ಮಿ.ಮೀ. ದಿಂಡು ಪಾಲಿಷ್‌ಗೆ ಮುನ್ನ ಹೇಗೂ ಹಾಕುವ ಉಪ್ಪುಕಾಗದಕ್ಕೆ ಹೋಗುವಂಥದು. ಮುಖದಂತಹ ಸೂಕ್ಷ್ಮ ಭಾಗಕ್ಕಷ್ಟೇ ಮೊನಚು ಬಿಟ್ ಬಳಸಿ ಮತ್ತೊಮ್ಮೆ ಕೆತ್ತಿದರೆ ಸಾಕು.

ಇದರ ಫಲವನ್ನು ಸಾಲದ ಕಂತಿನೊಡನೆ ಹೋಲಿಸಬೇಕು. ಒರಟು ಕೆಲಸಕ್ಕೆ 45 ನಿಮಿಷ, ಹಲಗೆ ಮತ್ತು ಬಿಟ್ ಬದಲಿಸಲು 15 ನಿಮಿಷ ಸೇರಿಸಿದರೆ, ಮೊದಲ ವಿಧಾನದಲ್ಲಿ ಫಲಕಕ್ಕೆ 210 ನಿಮಿಷ, ಎರಡನೆಯದರಲ್ಲಿ 135 ನಿಮಿಷ. 8 ಗಂಟೆಯ ದಿನದಲ್ಲಿ ಕ್ರಮವಾಗಿ 2 ಮತ್ತು 3 ಫಲಕ. 25 ದಿನಗಳ ತಿಂಗಳಲ್ಲಿ 50 ಮತ್ತು 75. ಎಲ್ಲ ಖರ್ಚು ಕಳೆದು ಫಲಕಕ್ಕೆ 200 ರೂ. ಉಳಿಯುವುದೆಂದು ಉದಾಹರಣೆಗೆ ಇಟ್ಟುಕೊಂಡರೆ, ಉಳಿತಾಯ 10,000 ಅಥವಾ 15,000 ರೂ. ಒಂದು ಲಕ್ಷದ ಸಾಲಕ್ಕೆ ಶೇ. 5ರ ಬಡ್ಡಿಯಲ್ಲಿ 18 ತಿಂಗಳ ಕಂತು ಸುಮಾರು 5,780 ರೂ. ಕಂತು ಕಟ್ಟಿದ ಮೇಲೆ ಮನೆಗೆ ಉಳಿಯುವುದು 4,220 ರೂ. ಅಥವಾ 9,220 ರೂ. ಒಂದೇ ಯಂತ್ರ, ಒಂದೇ ಮರ, ಒಂದೇ ಬಿಟ್. ಬದಲಾದದ್ದು ಸಾಲುಗಳ ಅಂತರ ಮಾತ್ರ. ಬೇಡಿಕೆ ಇದ್ದಾಗಲಷ್ಟೇ ಈ ಲಾಭ ಕೈಗೆ ಬರುತ್ತದೆ ಎಂಬುದನ್ನೂ ಮರೆಯಬಾರದು.

5. ಬಿಟ್‌ನ ಬೆಲೆ ಮತ್ತು ದಾಖಲೆ

ಬಿಟ್‌ನ ಬೆಲೆಯನ್ನು ಗಂಟೆಯ ಲೆಕ್ಕದಲ್ಲಿ ನೋಡಬೇಕು. 300 ರೂಪಾಯಿಯ ಬಿಟ್ 4 ಗಂಟೆ ಬಾಳಿದರೆ ಗಂಟೆಗೆ 75 ರೂ.; 900 ರೂಪಾಯಿಯದು 18 ಗಂಟೆ ಬಾಳಿದರೆ ಗಂಟೆಗೆ 50 ರೂ. ಅಗ್ಗದ್ದೇ ದುಬಾರಿ. ಇದು ತಿಳಿಯಬೇಕಾದರೆ ಪ್ರತಿ ಬಿಟ್‌ಗೆ ಒಂದು ಸಂಖ್ಯೆ ಕೊಟ್ಟು, ಕೊಂಡ ದಿನಾಂಕ, ಬೆಲೆ, ಕೆತ್ತಿದ ಮರ, ಸುತ್ತು, ಸಾಗಿದ ವೇಗ ಮತ್ತು ದುಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರು ತಿಂಗಳಲ್ಲಿ ಆ ಪುಸ್ತಕವೇ ತನ್ನ ಯಂತ್ರಕ್ಕೆ ಸಲ್ಲುವ ವೇಗಗಳ ಕೈಪಿಡಿಯಾಗುತ್ತದೆ. ಗಿರಾಕಿಗೆ ದರ ಹೇಳುವಾಗಲೂ ಆಧಾರವಾಗುತ್ತದೆ.

6. ಕೆಲವು ಎಚ್ಚರಿಕೆಗಳು

ಜಿಎಸ್‌ಟಿ ಅಧಿಸೂಚನೆಯಂತೆ ಕರಕುಶಲ ವಸ್ತುವೆಂದರೆ, ಕೆಲವು ಉಪಕರಣ ಅಥವಾ ಯಂತ್ರಗಳನ್ನು ಬಳಸಿದ್ದರೂ ಪ್ರಧಾನವಾಗಿ ಕೈಯಿಂದಲೇ ತಯಾರಾದದ್ದು. ಆದ್ದರಿಂದ ಯಂತ್ರವೇ ಬಹುಪಾಲು ಕೆತ್ತಿದ ಫಲಕಕ್ಕೆ ಕರಕುಶಲ ವಸ್ತುವಿನ ದರ ಅನ್ವಯವಾಗುವುದೆಂದು ಭಾವಿಸಿ ಬಿಲ್ ಹಾಕಬಾರದು.

ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮನೆಯೊಳಗೆ ಯಂತ್ರವಿದ್ದರೆ ಹುಡಿ ಹೀರುವ ಸಾಧನ, ಮುಖಗವಸು ಮತ್ತು ಕನ್ನಡಕ ಕಡ್ಡಾಯ. ಮಕ್ಕಳು ಓಡಾಡುವ ಕೋಣೆಯಲ್ಲಿ ಯಂತ್ರವನ್ನು ಇಡಲೇಬಾರದು.

ಯಂತ್ರದ ಮಿತಿಯನ್ನೂ ಅರಿತಿರಬೇಕು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 1258ರಲ್ಲಿ ಪ್ರತಿಷ್ಠಾಪನೆಗೊಂಡ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೇಶವ ದೇವಾಲಯದ ವಿಗ್ರಹಗಳಲ್ಲಿ ಆಭರಣಗಳ ಹಿಂಬದಿಯನ್ನೂ ಕೊರೆದು ಬಿಡಿಸಲಾಗಿದೆ. ಮೇಲಿನಿಂದ ಮಾತ್ರ ಇಳಿಯುವ ಮೂರು ಅಕ್ಷಗಳ ಯಂತ್ರದ ಬಿಟ್‌ಗೆ ಆ ಜಾಗ ಎಟುಕದು. ಅಲ್ಲಿ ಬೇಕಾದದ್ದು ಬಡಗಿಯ ಉಳಿ. ಒರಟು ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಕೊನೆಯ ಒಂದು ಗಂಟೆಯನ್ನು ಕೈಗೆ ಮೀಸಲಿಡುವ ಉದ್ದಿಮೆದಾರನ ಫಲಕಕ್ಕೆ ಒಳ್ಳೆಯ ಬೆಲೆ ಕೇಳುವ ಹಕ್ಕಿರುತ್ತದೆ.