ಕಾರಣವಿಲ್ಲದ ವಿಷಾದ

ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ‘ಅರ್ಜುನ ವಿಷಾದಯೋಗ’ವೆಂದು ಹೆಸರು. ಅರ್ಜುನನ ವಿಷಾದಕ್ಕೆ ಕಾರಣ ಕಣ್ಣೆದುರಿಗೇ ಇತ್ತು. ಬಂಧುಗಳೂ ಗುರುಗಳೂ ಶಸ್ತ್ರ ಹಿಡಿದು ನಿಂತಿದ್ದರು. ಕಳೆದ ವರ್ಷ ನನಗೆ ಬಂದ ವಿಷಾದಕ್ಕೆ ಅಂಥ ಕುರುಕ್ಷೇತ್ರವೇನೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮ, ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೆ, ವಿದ್ಯಾರ್ಥಿವೇತನವೂ ಬಂದಿತ್ತು. ಆದರೂ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುವುದು, ಊಟ ಸೇರದಿರುವುದು, ಓದಿದ ಪುಟವನ್ನೇ ಮತ್ತೆ ಮತ್ತೆ ಓದುವುದು. “ಏನಾಯಿತೋ ನಿನಗೆ?” ಎಂದು ಹಾಸ್ಟೆಲಿನ ಗೆಳೆಯರು ಕೇಳಿದರೆ “ಹೊಟ್ಟೆನೋವು” ಎನ್ನುತ್ತಿದ್ದೆ. ಏನೂ ಆಗಿಲ್ಲವೆಂಬ ನಿಜವನ್ನು ಹೇಳಲು ನಾಚಿಕೆ. ಕೋಣೆಯ ಗೆಳೆಯ ಪಾಪ, ಓಮದ ಕಷಾಯ ಕಾಯಿಸಿಕೊಟ್ಟ, ಕುಡಿದೆ.

ಕಾರಣವನ್ನು ಹುಡುಕುತ್ತ ಎರಡು ತಿಂಗಳು ಕಳೆದದ್ದೇ ನಾನು ಮಾಡಿದ ತಪ್ಪು. ಹಳೆಯದನ್ನೆಲ್ಲ ಕೆದಕಿದಷ್ಟೂ ಪ್ರತಿಯೊಂದರಲ್ಲಿಯೂ ನನ್ನದೇ ಅಪರಾಧ ಕಾಣುತ್ತಿತ್ತು. ತನ್ನನ್ನು ತಾನೇ ದೂಷಿಸಿಕೊಳ್ಳುವುದೂ ಈ ರೋಗದ ಒಂದು ಲಕ್ಷಣವೆಂದು ಆಗ ತಿಳಿದಿರಲಿಲ್ಲ.

ಹಿಂದಿನ ಗ್ರಂಥಗಳು ಖಿನ್ನತೆಯನ್ನು ಹೊರಗಿನ ಕಾರಣದಿಂದ ಬಂದದ್ದು, ಒಳಗಿನಿಂದಲೇ ಹುಟ್ಟಿದ್ದು ಎಂದು ಎರಡು ಬಗೆಯಾಗಿ ವಿಂಗಡಿಸುತ್ತಿದ್ದುವು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣದಲ್ಲಿ ಕಾರಣವನ್ನು ಬದಿಗಿಟ್ಟು ಲಕ್ಷಣಗಳನ್ನೇ ಆಧಾರವಾಗಿಟ್ಟುಕೊಂಡಿತು. ಕುಗ್ಗಿದ ಮನಸ್ಸು ಅಥವಾ ನಿರಾಸಕ್ತಿ, ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆಗಳ ಏರುಪೇರು, ಇವು ದಿನದ ಬಹುಪಾಲು ಎರಡು ವಾರ ಬಿಡದೆ ಇದ್ದರೆ ವೈದ್ಯರನ್ನು ಕಾಣಬೇಕು. ಕಾರಣ ಹೇಳಬೇಕಾದ ಹೊಣೆ ರೋಗಿಯದಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ರಕ್ತ ಪರೀಕ್ಷಿಸಿದರು. ಥೈರಾಯ್ಡ್ ಗ್ರಂಥಿಯ ಕೊರತೆಯೂ ರಕ್ತಹೀನತೆಯೂ ಇದೇ ವೇಷದಲ್ಲಿ ಬರಬಹುದಂತೆ. ಎರಡೂ ಸರಿಯಾಗಿಯೇ ಇದ್ದುವು. ನನಗೆ ನಿರಾಶೆಯಾಯಿತೆಂದರೆ ನಗಬೇಡಿ! ವೈದ್ಯರೆಂದರು: “ನೋಡಪ್ಪ, ಬೆಂಕಿ ಹೇಗೆ ಹತ್ತಿತೆಂದು ಆಮೇಲೆ ವಿಚಾರಿಸೋಣ, ಮೊದಲು ನೀರು ಹಾಕೋಣ.” ಮನಸ್ಸು ಬಂದ ಮೇಲೆ ಕೆಲಸವೆಂದು ಕಾಯದೆ, ಕೆಲಸ ಮಾಡುತ್ತ ಮನಸ್ಸು ಬರುವಂತೆ ಮಾಡಿಕೊಳ್ಳುವುದು ಅವರ ಕ್ರಮ. ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಡಬೇಕು: ಏಳಕ್ಕೆ ಮುಂಚೆ ಸ್ನಾನ, ಕೆರೆ ಏರಿಯವರೆಗೆ ನಡಿಗೆ, ಒಂದು ತರಗತಿ. ಮೊದಲ ವಾರ ಸ್ನಾನವೊಂದೇ ಸಾಧ್ಯವಾಯಿತು. ಮಾತ್ರೆಯನ್ನೂ ಕೊಟ್ಟರು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು; ನಡುವೆ ತಾನಾಗಿ ಬಿಡಬಾರದು.

ಆಸ್ಪತ್ರೆಗೆ ಹೋಗಲು ಸಂಕೋಚಪಡುವವರು 14416ಕ್ಕೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯಿದು. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಬದುಕೇ ಬೇಡವೆನಿಸಿದವರಂತೂ ಒಂದು ರಾತ್ರಿಯನ್ನೂ ಒಬ್ಬರೇ ಕಳೆಯದೆ ಅಂದೇ ಯಾರಿಗಾದರೂ ಹೇಳಬೇಕು.

ಈಗಲೂ ಕೆಲವು ದಿನ ನಾಲ್ಕಕ್ಕೇ ಎಚ್ಚರವಾಗುವುದುಂಟು. ಎದ್ದು ಚೀಟಿ ನೋಡುತ್ತೇನೆ. ಕಷಾಯ ಕಾಯಿಸಿಕೊಟ್ಟ ಗೆಳೆಯನಿಗೆ ನಿಜ ಹೇಳಿದ್ದು ಮಾತ್ರ ಈ ಲೇಖನವನ್ನು ಬರೆಯಲು ಕುಳಿತ ಹಿಂದಿನ ದಿನ.