ರಾಜಕೀಯ ಕಲ್ಪನೆ ಮತ್ತು ಪ್ರಜಾಪ್ರಭುತ್ವ: ಹೆಬ್ಬಾಳದ ಉಕ್ಕಿನ ಮೇಲ್ಸೇತುವೆ ಪ್ರಕರಣ

ಈಗಿರುವ ವ್ಯವಸ್ಥೆಗಿಂತ ಬೇರೆಯದೂ ಸಾಧ್ಯವೆಂದು ಜನ ಒಟ್ಟಾಗಿ ಕಾಣುವ ಶಕ್ತಿಯೇ ರಾಜಕೀಯ ಕಲ್ಪನೆ. ಸಮಾಜದ ಸಂಸ್ಥೆಗಳು ಹುಟ್ಟುವುದೇ ಸಾಮೂಹಿಕ ಕಲ್ಪನೆಯಿಂದ ಎಂದು ಕಾರ್ನೀಲಿಯಸ್ ಕ್ಯಾಸ್ಟೋರಿಯಾಡಿಸ್ (1975) ವಾದಿಸಿದರು. ರಾಷ್ಟ್ರವನ್ನು ಕಲ್ಪಿತ ಸಮುದಾಯವೆಂದು ಬೆನೆಡಿಕ್ಟ್ ಆಂಡರ್ಸನ್ (1983) ವಿವರಿಸಿದರು. ಪರೀಕ್ಷೆಯ ಉತ್ತರದಲ್ಲಿ ಹೆಸರುಗಳಷ್ಟೇ ಇದ್ದರೆ ಸಾಲದು, ಉದಾಹರಣೆಯೂ ಬೇಕು; ಅಂಥದೊಂದು ಇಲ್ಲಿದೆ.

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು 2016ರಲ್ಲಿ ರಾಜ್ಯ ಸರ್ಕಾರ ಮುಂದಾಯಿತು. ವೆಚ್ಚ ಸುಮಾರು 1,800 ಕೋಟಿ ರೂ.; ದಾರಿಯ 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳಲಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ‘ಬೇಡ’ ಎಂಬ ಫಲಕ ಹಿಡಿದು ರಸ್ತೆಯುದ್ದಕ್ಕೂ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಇನ್ನೊಂದು ಹೆಜ್ಜೆ. ರದ್ದತಿಗೂ ಮೊದಲೇ, ಡಿಸೆಂಬರಿನಲ್ಲಿ, ನಾಗರಿಕರು ರೈಲು ನಿಲ್ದಾಣಗಳಲ್ಲಿ ಸೇರಿ ‘ಚುಕು ಬುಕು ಬೇಕು’ ಎಂದು ಉಪನಗರ ರೈಲು ಕೇಳಿದರು. ವಿರೋಧ ಹೀಗೆ ಪರ್ಯಾಯವಾಗಿ ಬೆಳೆದಾಗಲೇ ಕಲ್ಪನೆ ಕೆಲಸ ಮಾಡಿದಂತೆ. ಬೇಡಿಕೆ ಹಳೆಯದೇ, ಆದರೆ ಈ ಬಾರಿ ಬೀದಿಗೆ ಬಂತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು (148 ಕಿ.ಮೀ., 15,767 ಕೋಟಿ ರೂ.).

ನಾಗರಿಕರ ಇಂಥ ಕಲ್ಪನೆಗೆ ಬೀದಿಯಷ್ಟೇ ಅಲ್ಲ, ಕಾನೂನಿನ ವೇದಿಕೆಯೂ ಇದೆ. ನೆನಪಿಡಿ: ಸಂವಿಧಾನದ 74ನೇ ತಿದ್ದುಪಡಿಯ 243-ಎಸ್ ವಿಧಿಯಂತೆ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ರಚಿಸಬೇಕು.